ಹಿಂದಿನ ಟ್ರೇಲರಿಗೆ ಯಾವ ಬ್ರೇಕ್?

ಕಬ್ಬಿನ ಹಂಗಾಮಿನಲ್ಲಿ ಉಗಾರಕ್ಕೆ ಬರುವವರಿಗೆ ಡಬಲ್ ಟ್ರೇಲರ್ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. 1939ರಲ್ಲಿ ಆರಂಭವಾದ ಉಗಾರ ಶುಗರ್ ವರ್ಕ್ಸ್ ಕಡೆಗೆ ಶೇಡಬಾಳ, ಕಾಗವಾಡ, ಐನಾಪುರದ ದಿಕ್ಕಿನಿಂದ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತವೆ. ಒಂದೊಂದರ ಹಿಂದೆ ಎರಡೆರಡು ಟ್ರೇಲರ್, ಮೇಲೆ ಮನೆಯೆತ್ತರದ ಕಬ್ಬು. ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಸೈಕಲ್ ಹತ್ತಿದರೆ ನಾವು ಡಾಂಬರಿನ ಮೇಲೆ ಇರುವುದಕ್ಕಿಂತ ಅಂಚಿನ ಮಣ್ಣಿನಲ್ಲಿ ಇರುವುದೇ ಹೆಚ್ಚು.

ಇಷ್ಟು ಭಾರವನ್ನು ಎಳೆಯುವುದು ಟ್ರ್ಯಾಕ್ಟರ್, ಸರಿ. ನಿಲ್ಲಿಸುವುದು ಯಾರು? ನಾನು ಬಗ್ಗಿ ನೋಡಿದ ಬಹಳಷ್ಟು ಟ್ರೇಲರುಗಳ ಗಾಲಿಗೆ ಸ್ವಂತ ಬ್ರೇಕೇ ಇರಲಿಲ್ಲ. ನಮ್ಮ ಚಾಚಾನ ಎರಡು ಟ್ರೇಲರಿಗೂ ಇಲ್ಲ. ಈ ಹಂಗಾಮಿಗೆ ಮುಂಚೆ ಹಾಕಿಸಬೇಕೆಂದು ಅವರು ವಿಚಾರಿಸಿದಾಗ ಮೂವರು ಮಿಸ್ತ್ರಿಗಳು ಮೂರು ಬಗೆ ಹೇಳಿದರು. "ನೀ ಸೈನ್ಸ್ ಓದಾಕತ್ತಿಯಲ್ಲ, ಯಾವುದು ಚಲೋ ನೋಡಿ ಹೇಳು" ಎಂದು ಚಾಚಾ ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮಲ್ಲಿ ಅರ್ಧಕ್ಕರ್ಧ ಮಂದಿಯ ಮನೆಯಲ್ಲಿ ಇಲ್ಲವೇ ನೆರೆಮನೆಯಲ್ಲಿ ಟ್ರ್ಯಾಕ್ಟರ್ ಇದೆ.

ಮೊದಲು ಲೆಕ್ಕ. ಪ್ರಥಮ ಪಿಯುಸಿಯ ಘರ್ಷಣೆಯ ಪಾಠ ಸಾಕು. ಟ್ರ್ಯಾಕ್ಟರಿನ ತೂಕ 2,200 ಕೆಜಿ, ಅದರಲ್ಲಿ 1,400 ಕೆಜಿ ಹಿಂದಿನ ದೊಡ್ಡ ಗಾಲಿಗಳ ಮೇಲೆ ಎಂದು ಹಿಡಿಯೋಣ. ನಮ್ಮ ಕಡೆಯ ಸಾಮಾನ್ಯ ಟ್ರ್ಯಾಕ್ಟರಿನ ಬ್ರೇಕ್ ಇರುವುದು ಆ ಹಿಂದಿನ ಗಾಲಿಗಳಿಗೆ ಮಾತ್ರ. ಒಣ ರಸ್ತೆಯ ಘರ್ಷಣಾ ಗುಣಾಂಕ 0.6 ಎಂದರೆ ಆ ಗಾಲಿಗಳು ಹಿಡಿಯಬಲ್ಲ ಗರಿಷ್ಠ ಬಲ ಸುಮಾರು 8,200 ನ್ಯೂಟನ್. ಪೆಡಲ್ ಮೇಲೆ ಎದ್ದು ನಿಂತರೂ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ, ಗಾಲಿ ಜಾರುತ್ತದೆ ಅಷ್ಟೇ. ಟ್ರ್ಯಾಕ್ಟರ್ ಒಂದೇ ಇದ್ದರೆ ಇಷ್ಟು ಬಲ ಧಾರಾಳ: ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 7 ಮೀಟರ್, ಹೋಗುತ್ತಿದ್ದರೂ ಆರೇಳು ಮೀಟರಿನಲ್ಲಿ ನಿಲ್ಲುತ್ತದೆ.

ಈಗ ಹಿಂದೆ ತಲಾ 12 ಟನ್ನಿನ ಎರಡು ಟ್ರೇಲರ್ ಕಟ್ಟಿ. ಒಟ್ಟು 26 ಟನ್ ಆಯಿತು, ನಿಲ್ಲಿಸುವ ಬಲ ಮಾತ್ರ ಅದೇ 8,200. ಟೈರುಗಳ ಉರುಳುವ ಘರ್ಷಣೆಯಿಂದ ಇನ್ನೊಂದು 5,000 ನ್ಯೂಟನ್ ಸೇರಿಸಿದರೂ ನಿಲ್ಲಲು ಸುಮಾರು 48 ಮೀಟರ್ ಬೇಕು. ಚಾಲಕ ಎಚ್ಚೆತ್ತು ಕಾಲು ಇಡುವ ಒಂದು ಸೆಕೆಂಡಿನ 7 ಮೀಟರ್ ಬೇರೆ. ಇನ್ನು ಸೇತುವೆಯ ಏರಿ ಇಳಿಯುವಾಗ ಏನಾಗುತ್ತದೆ ನೋಡಿ. 30 ಮೀಟರಿಗೆ 1 ಮೀಟರ್ ಇಳಿಜಾರು ಕಣ್ಣಿಗೆ ಇಳಿಜಾರು ಎಂದೇ ಕಾಣಿಸುವುದಿಲ್ಲ. ಆದರೆ ಅಲ್ಲಿ 26 ಟನ್ನನ್ನು ಕೆಳಕ್ಕೆ ಸೆಳೆಯುವ ಬಲ ಸುಮಾರು 8,500 ನ್ಯೂಟನ್. ಟ್ರ್ಯಾಕ್ಟರಿನ ಬ್ರೇಕ್ ಪೂರ್ತಿ ಅದಕ್ಕೇ ಖರ್ಚಾಯಿತು. ನಿಲ್ಲಿಸಲು ಉಳಿದದ್ದು ಟೈರಿನ ಘರ್ಷಣೆಯೊಂದೇ, ದೂರ 135 ಮೀಟರ್ ಮುಟ್ಟುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಲಕರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಗೇರಿನಲ್ಲಿದ್ದರೆ ಇಂಜಿನ್ ಕೂಡ ಒಂದಿಷ್ಟು ಹಿಡಿಯುತ್ತಿತ್ತು.

ದೂರ ಒಂದೇ ತೊಂದರೆಯಲ್ಲ. ಮುಂದಿನದು ನಿಧಾನವಾಗಿ ಹಿಂದಿನದು ನಿಧಾನವಾಗದಿದ್ದರೆ ಹಿಂದಿನದು ದೂಡುತ್ತದೆ. ಕೊಂಡಿಯಲ್ಲಿ ಸ್ವಲ್ಪ ಓರೆ ಇದ್ದರೂ ಆ ದೂಡಿಕೆ ಟ್ರ್ಯಾಕ್ಟರನ್ನು ರಸ್ತೆಗೆ ಅಡ್ಡ ತಿರುಗಿಸುತ್ತದೆ. ಎಡ, ಬಲ ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೀಲು ಹಾಕದೆ ರಸ್ತೆಗೆ ಬಂದವನ ಗತಿ ಇನ್ನೂ ಕಷ್ಟ, ಒಂದೇ ಗಾಲಿ ಹಿಡಿದು ಗಾಡಿ ತಾನೇ ತಿರುಗುತ್ತದೆ. ಟ್ರೇಲರುಗಳು ತಮ್ಮ ಭಾರವನ್ನು ತಾವೇ ಹಿಡಿದರೆ, ಸೆಕೆಂಡಿಗೆ 3 ಮೀಟರಿನಂತೆ ಸಾಧಾರಣವಾಗಿ ವೇಗ ಇಳಿಸಿದರೂ, ಅದೇ 26 ಟನ್ 8 ಮೀಟರಿನಲ್ಲಿ ನಿಲ್ಲುತ್ತದೆ, ಅದೂ ನೇರವಾಗಿ.

ಅಮೆರಿಕದಲ್ಲಿ ಮೋಟರ್‌ಹೋಮ್ ಎಂಬ ಮನೆಯಂಥ ಬಸ್ಸಿನಲ್ಲಿ ಊರೂರು ತಿರುಗುವವರು ಹಿಂದೆ ಒಂದು ಸಣ್ಣ ಕಾರು ಕಟ್ಟಿಕೊಂಡು ಹೋಗುತ್ತಾರೆ. ಎಳೆಸಿಕೊಳ್ಳುವ ಕಾರಿಗೆ ಚಾಲಕನಿಲ್ಲ, ಅದರ ಬ್ರೇಕ್ ಒತ್ತುವವರು ಯಾರು ಎಂಬುದು ಅವರ ಪ್ರಶ್ನೆ. ಚಾಲಕನ ಸೀಟಿನ ಮುಂದೆ ಇಟ್ಟು ಪೆಡಲನ್ನು ಒತ್ತಿಸುವ ಪೆಟ್ಟಿಗೆ ಒಂದು ಬಗೆ, ಬಸ್ಸಿನ ಬ್ರೇಕಿಗೆ ಕಾಯಂ ಜೋಡಿಸುವ ಕೊಳವೆ ಇನ್ನೊಂದು ಬಗೆ. ಕೊಳ್ಳುವಾಗ ಅವರು ಕೇಳುವುದು ಎರಡು ಮಾತು: ಮುಂದೆ ಎಷ್ಟು ಒತ್ತಿದರೆ ಹಿಂದೆಯೂ ಅಷ್ಟೇ ಹಿಡಿಯುತ್ತದೆಯೆ? ಕೊಂಡಿ ಕಳಚಿದರೆ ತಾನಾಗಿ ಹಿಡಿಯುತ್ತದೆಯೆ? ನಮ್ಮ ಮೂವರು ಮಿಸ್ತ್ರಿಗಳ ಮಾತನ್ನು ನಾನು ಅಳೆದದ್ದು ಈ ಎರಡು ಪ್ರಶ್ನೆಗಳಿಂದಲೇ.

ಮೊದಲ ಮಿಸ್ತ್ರಿ ಹೇಳಿದ್ದು ಓವರ್‌ರನ್ ಬ್ರೇಕ್. ಟ್ರೇಲರ್ ಮುಂದಕ್ಕೆ ದೂಡಿದಾಗ ಕೊಂಡಿಯ ದಂಡ ಒಳಗೆ ಸರಿದು, ಸರಳಿನ ಮೂಲಕ ಗಾಲಿಯ ಬ್ರೇಕನ್ನು ಎಳೆಯುತ್ತದೆ. ಟ್ರ್ಯಾಕ್ಟರಿಗೆ ಏನೂ ಜೋಡಿಸಬೇಕಾಗಿಲ್ಲ, ಮೂರರಲ್ಲಿ ಅಗ್ಗ. ದೂಡಿಕೆಯೇ ಬ್ರೇಕ್ ಆಗುವ ಈ ಉಪಾಯ ಜಾಣತನದ್ದು. ಆದರೆ ದೂಡಿದ ಮೇಲೆಯೇ ಅದು ಹಿಡಿಯುತ್ತದೆ. ಉದ್ದ ಇಳಿಜಾರಿನಲ್ಲಿ ಉಜ್ಜುತ್ತಲೇ ಇದ್ದು ಡ್ರಮ್ ಕಾಯುತ್ತದೆ. ಅಂತರರಾಷ್ಟ್ರೀಯ ವಾಹನ ನಿಯಮಗಳಲ್ಲಿ ರಸ್ತೆಯ ಸಾಮಾನ್ಯ ಟ್ರೇಲರಿಗೆ ಈ ಬಗೆಯನ್ನು 3.5 ಟನ್ ವರೆಗೆ ಮಾತ್ರ ಒಪ್ಪುತ್ತಾರೆ. ನಮ್ಮ ಒಂದು ಟ್ರೇಲರ್ ಅದರ ಮೂರು ಪಟ್ಟಿಗೂ ಹೆಚ್ಚು. ಇನ್ನೊಂದು ತೊಡಕು: ಯಾರ್ಡಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಾಗಲೂ ದಂಡ ಒಳಗೆ ಸರಿದು ಗಾಲಿ ಹಿಡಿಯುತ್ತದೆ. ಹಾಗಾಗದಂತೆ ಒಂದು ಪಿನ್ ಹಾಕಬೇಕು, ಮತ್ತೆ ತೆಗೆಯಬೇಕು. ರಾತ್ರಿ ಎರಡು ಗಂಟೆಗೆ ಪಾಳಿಯಲ್ಲಿ ಕಾದು ಕಾದು ಖಾಲಿ ಮಾಡಿ ಹೊರಡುವವನಿಗೆ ಪಿನ್ ತೆಗೆಯುವ ನೆನಪು ಇರುತ್ತದೆಯೆ? ಎಂಟು ದಿನದಲ್ಲಿ ಆ ಪಿನ್ ಅಲ್ಲೇ ಕಾಯಂ ಆಗುತ್ತದೆ ಎಂಬುದು ನನ್ನ ಅಂದಾಜು.

ಎರಡನೆಯದು ಹೈಡ್ರಾಲಿಕ್. ಟ್ರ್ಯಾಕ್ಟರಿನಿಂದ ಆಯಿಲ್ ಪೈಪ್ ಎಳೆದು ಗಾಲಿಯ ಸಿಲಿಂಡರ್ ಒತ್ತುವುದು. ಬ್ರೇಕ್ ಪೆಡಲಿಗೆ ಜೋಡಿಸಿದ ಪ್ರತ್ಯೇಕ ವಾಲ್ವ್ ಇದ್ದರೆ ಒತ್ತಿದಷ್ಟೇ ಹಿಡಿಯುತ್ತದೆ, ಬಲಕ್ಕೂ ಕೊರತೆಯಿಲ್ಲ. ಟ್ರೇಲರ್ ಎತ್ತುವ ಪೈಪಿಗೇ ಸೇರಿಸಿ ಕೈ ಲಿವರಿನಿಂದ ಹಿಡಿಸುವ ಅಗ್ಗದ ಜೋಡಣೆ ಬೇಡ. ನಾಯಿಯೋ ಮಗುವೋ ಅಡ್ಡ ಬಂದ ಕ್ಷಣದಲ್ಲಿ ಕಾಲು ಒಂದು ಕಡೆ, ಕೈ ಇನ್ನೊಂದು ಕಡೆ ನೆನಪಾಗುವುದಿಲ್ಲ. ಒಂದೇ ಪೈಪಿನ ವ್ಯವಸ್ಥೆಯ ದೊಡ್ಡ ದೋಷ ಎರಡನೆಯ ಪ್ರಶ್ನೆಯಲ್ಲಿದೆ: ಪೈಪ್ ಹರಿದರೆ ಆಯಿಲ್ ಹೋಯಿತು, ಬ್ರೇಕೂ ಹೋಯಿತು.

ಮೂರನೆಯದು ಏರ್ ಬ್ರೇಕ್. ಇಂಜಿನ್ನಿನಿಂದ ತಿರುಗುವ ಕಂಪ್ರೆಸರ್, ಟ್ರ್ಯಾಕ್ಟರಿಗೊಂದು ಟ್ಯಾಂಕ್, ಪ್ರತಿ ಟ್ರೇಲರಿಗೊಂದು ಟ್ಯಾಂಕ್. ನಡುವೆ ಎರಡು ಪೈಪ್: ಕೆಂಪು ಸದಾ ಗಾಳಿ ತುಂಬಿಸುತ್ತಿರುತ್ತದೆ, ಹಳದಿಯದು ಪೆಡಲಿನ ಮಾತು ತಲುಪಿಸುತ್ತದೆ. ಕೊಂಡಿಯ ಪಿನ್ ಮುರಿದು ಟ್ರೇಲರ್ ಕಳಚಿದರೆ ಕೆಂಪು ಪೈಪ್ ಹರಿಯುತ್ತದೆ, ಆಗ ಟ್ರೇಲರ್ ತನ್ನದೇ ಟ್ಯಾಂಕಿನ ಗಾಳಿಯಿಂದ ತಾನಾಗಿ ಹಿಡಿದು ನಿಲ್ಲುತ್ತದೆ. ಇದನ್ನು ನೋಡಬೇಕೆಂದರೆ ಉಗಾರ ಖುರ್ದ ಸ್ಟೇಷನ್ನಿಗೆ ಹೋಗಿ. ಮೀರಜ್ ಗಾಡಿಯ ಡಬ್ಬಿಗಳ ನಡುವಿನ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ ಇರುತ್ತದೆ. ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಇರುವಷ್ಟು ಹೊತ್ತು ಬಿಟ್ಟಿರುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಕಂಡುಕೊಂಡ ಯುಕ್ತಿ ಇದು. ಅವನ 1869ರ ಮೊದಲ ಬ್ರೇಕಿನಲ್ಲಿ ಪೈಪ್ ಹರಿದರೆ ಬ್ರೇಕೇ ಇಲ್ಲದಂತಾಗುತ್ತಿತ್ತು. ನಮ್ಮ ಎರಡನೆಯ ಮಿಸ್ತ್ರಿಯ ಪೈಪಿನಂತೆಯೇ.

ಏರ್ ಬ್ರೇಕಿಗೂ ಚಾಕರಿ ಇದೆ. ಖರ್ಚು ಹೆಚ್ಚು. ಟ್ಯಾಂಕಿನಲ್ಲಿ ಕೂಡುವ ನೀರನ್ನು ದಿನಾ ಬಿಡಬೇಕು. ಬೆಳಿಗ್ಗೆ ಒತ್ತಡ ಏರುವ ತನಕ ಕಾಯಬೇಕು. ಎರಡನೆಯ ಟ್ರೇಲರಿಗೆ ಗಾಳಿ ತಡವಾಗಿ ಮುಟ್ಟದಂತೆ ರಿಲೇ ವಾಲ್ವ್ ಬೇಕು. ಖಾಲಿ ಮತ್ತು ಭರ್ತಿ ಎಂದು ಬಲ ಬದಲಿಸುವ ವಾಲ್ವೂ ಬೇಕು, ಇಲ್ಲವಾದರೆ ತುಂಬಿದಾಗ ಸರಿಯಾಗಿ ಹಿಡಿಯುವುದು ಖಾಲಿಯಾಗಿ ಮರಳುವಾಗ ಗಾಲಿಯನ್ನು ಜಾರಿಸುತ್ತದೆ. ನಿಲ್ಲಿಸಿ ಬಿಟ್ಟುಹೋದ ಟ್ರೇಲರಿನ ಗಾಳಿ ರಾತ್ರಿ ಸೋರಿ ಹೋಗಬಹುದು, ಆದ್ದರಿಂದ ಗಾಲಿಗೆ ಕಲ್ಲು ಕೊಡುವ ನಮ್ಮ ಹಳೆಯ ರೂಢಿ ತಪ್ಪಿಸುವ ಹಾಗಿಲ್ಲ.

ಆದರೂ ಡಬಲ್ ಟ್ರೇಲರಿಗೆ ಇದೇ ಸರಿ ಎಂದು ಚಾಚಾನಿಗೆ ಹೇಳಿದೆ. ಖರ್ಚು ಕೇಳಿ ಅವರು ಸುಮ್ಮನಾದರು. ಆಮೇಲೆ, "ಈ ವರ್ಷ ಒಂದಕ್ಕ ಹಾಕಸ್ತೀನಿ. ಯಾವುದಕ್ಕ?" ಎಂದರು. ಮುಂದಿನದಕ್ಕೆ ಹಾಕಿದರೆ ಹಿಂದಿನದು ಬಂದು ಅದನ್ನು ದೂಡುತ್ತದೆ. ಹಿಂದಿನದಕ್ಕೆ ಹಾಕಿದರೆ ಅದು ಬಾಲ ಹಿಡಿದು ಎಳೆದಂತೆ ಇಡೀ ಸಾಲನ್ನು ಬಿಗಿಯಾಗಿ ಇಡುತ್ತದೆ. ಹಾಗಾಗಿ ಹಿಂದಿನದಕ್ಕೆ ಎಂದೆ. ಆದರೆ ನಡುವಿನ 12 ಟನ್ ಟ್ರ್ಯಾಕ್ಟರನ್ನು ದೂಡುವುದು ತಪ್ಪುವುದಿಲ್ಲ, ಎರಡಕ್ಕೂ ಆಗುವ ತನಕ ಬ್ರೇಕ್ ಇರುವ ಒಂದನ್ನೇ ಎಳೆಯುವುದು ಒಳ್ಳೆಯದು ಎಂದೂ ಹೇಳಿದೆ. "ಒಂದs ಎಳದ್ರ ಡೀಸೆಲ್ ರೊಕ್ಕಾನೂ ಹುಟ್ಟಂಗಿಲ್ಲ ಬೇಟಾ" ಎಂದರು. ಬಾಡಿಗೆ ಟನ್ನಿನ ಲೆಕ್ಕದಲ್ಲಿ ಬರುತ್ತದೆ, ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಎರಡು ದಿನ ಬಿಟ್ಟು ಟ್ರ್ಯಾಕ್ಟರಿನ ದೊಡ್ಡ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಮಾರಿದರು. ಅದರ ರೊಕ್ಕ ಸೇರಿಸಿ ಎರಡಕ್ಕೂ ಹಾಕಿಸುವುದೆಂದು ಈಗ ಮಾತಾಗಿದೆ.

ಹಾಕಿಸಿದ ದಿನ ಮಿಸ್ತ್ರಿಯ ಮುಂದೆಯೇ ಮಾಡಿಸಬೇಕಾದ ಪರೀಕ್ಷೆ ಒಂದಿದೆ. ಮಣ್ಣಿನ ಬಯಲಿನಲ್ಲಿ ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿಸಿ, ಇಳಿದು ಪ್ರತಿ ಗಾಲಿಯ ಗುರುತು ನೋಡಿ. ಎಡ ಬಲ ಒಂದೇ ಸಮ ಇರಬೇಕು. ಆಮೇಲೆ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೆಂಪು ಪೈಪನ್ನು ಕೈಯಿಂದ ಕಳಚಿಸಿ. ಕಲ್ಲು ತೆಗೆದು ಮೊದಲ ಗೇರಿನಲ್ಲಿ ಎಳೆದಾಗ ಟ್ರೇಲರಿನ ಗಾಲಿ ತಿರುಗಿದರೆ ಪೂರ್ತಿ ದುಡ್ಡು ಕೊಡಬೇಡಿ.