ನೆತ್ತರಿನ ಹರಿವನ್ನು ಕಾಯುವ ಪ್ರೋಟೀನುಗಳು

ಗಾಯವಾದೊಡನೆ ನೆತ್ತರು ಹೆಪ್ಪುಗಟ್ಟಿ ನಮ್ಮನ್ನು ಕಾಯುತ್ತದೆ. ಆ ಹೆಪ್ಪು ಎಲ್ಲೆ ಮೀರಿದರೆ ಪ್ರಾಣಕ್ಕೇ ಎರವಾಗುತ್ತದೆ. ಈ ಎಲ್ಲೆಯನ್ನು ಕಾಯುವವುಗಳಲ್ಲಿ ಆಂಟಿಥ್ರಾಂಬಿನ್, ಪ್ರೋಟೀನ್-ಸಿ, ಪ್ರೋಟೀನ್-ಎಸ್ ಮುಖ್ಯವಾದವು. ಹೆಪ್ಪುಗಟ್ಟಿಸುವ ಥ್ರಾಂಬಿನ್ನನ್ನು ಆಂಟಿಥ್ರಾಂಬಿನ್ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಸೋಜಿಗವೆಂದರೆ, ಅದೇ ಥ್ರಾಂಬಿನ್ ರಕ್ತನಾಳದ ಒಳಗೋಡೆಯ ಥ್ರಾಂಬೋಮಾಡ್ಯುಲಿನ್ನನ್ನು ಕೂಡಿದಾಗ ಪ್ರೋಟೀನ್-ಸಿಯನ್ನು ಎಚ್ಚರಿಸುತ್ತದೆ; ಅದು ಪ್ರೋಟೀನ್-ಎಸ್‌ನ ನೆರವಿನಿಂದ ಹೆಪ್ಪಿನ ಬೆಳವಣಿಗೆಯನ್ನು ತಡೆಯುತ್ತದೆ.

ಈ ಪ್ರೋಟೀನುಗಳ ಕೊರತೆ ವಂಶಪಾರಂಪರ್ಯವಾಗಿಯೂ ಬರಬಲ್ಲದು. ಆಂಟಿಥ್ರಾಂಬಿನ್ ಕೊರತೆಯನ್ನು ನಾರ್ವೆಯ ಒಂದು ಕುಟುಂಬದಲ್ಲಿ ಓಲಾವ್ ಎಗೆಬರ್ಗ್ 1965ರಲ್ಲಿ ಮೊದಲಿಗೆ ಗುರುತಿಸಿದರು. ಮನೆತನದಲ್ಲಿ ಯಾರಿಗಾದರೂ ಎಳೆವಯಸ್ಸಿನಲ್ಲೇ ಕಾಲಿನ ಇಲ್ಲವೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಶಸ್ತ್ರಚಿಕಿತ್ಸೆಗೂ ಬಸಿರಿಗೂ ಮುನ್ನ ವೈದ್ಯರಿಗೆ ತಿಳಿಸಬೇಕೆಂದು ನಾವು ಅರಿಕೆ ಮಾಡುತ್ತೇವೆ. ಸಂಬಂಧ ಕೂಡಿಬಾರದೆಂಬ ಅಂಜಿಕೆಯಿಂದ ಅದನ್ನು ಮುಚ್ಚಿಡುವುದು ಮಕ್ಕಳಿಗೆ ಹಿತವಲ್ಲ.