ಪಾಸ್‌ವರ್ಡ್ ಯಾರ ಬಳಿ ಇದೆ?

ದ್ವಿತೀಯ ಪಿಯುಸಿ ಓದುತ್ತಿರುವ ಒಬ್ಬ ವಿದ್ಯಾರ್ಥಿಗೆ ಎಷ್ಟು ಪಾಸ್‌ವರ್ಡ್‌ಗಳಿವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಮೊಬೈಲ್ ಲಾಕ್, ಜಿಮೇಲ್, ಇನ್‌ಸ್ಟಾಗ್ರಾಂ, ಡಿಜಿಲಾಕರ್ ಪಿನ್, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಸಿಇಟಿಗೆ ಕೆಇಎ ಲಾಗಿನ್, ನೀಟ್ ಬರೆಯುವವರಿಗೆ ಎನ್‌ಟಿಎ ಲಾಗಿನ್, ಬ್ಯಾಂಕ್ ಖಾತೆಯಿದ್ದರೆ ಎಟಿಎಂ ಪಿನ್ ಮತ್ತು ಯುಪಿಐ ಪಿನ್. ಕಡಿಮೆಯೆಂದರೂ ಎಂಟು-ಹತ್ತು ಆಗುತ್ತದೆ. ಈಗ ಇನ್ನೊಂದು ಪ್ರಶ್ನೆ: ಇವುಗಳಲ್ಲಿ ಎಷ್ಟು ನಿಮ್ಮ ಬಳಿಯೇ ಇವೆ?

ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಸಿಇಟಿ ಫಲಿತಾಂಶ ಬಂದ ಮೇಲೆ ನಮ್ಮ ಕಂಪ್ಯೂಟರ್ ಲ್ಯಾಬಿಗೆ ಓಡಿ ಬರುವ ಮಕ್ಕಳ ತೊಂದರೆ ಸಾಮಾನ್ಯವಾಗಿ ಇದೇ. ಅರ್ಜಿ ತುಂಬಿಸಿದ್ದು ಪೇಟೆಯ ಸೈಬರ್ ಅಂಗಡಿಯಲ್ಲಿ. ಜನ ಸಾಲಾಗಿ ನಿಂತಿರುವಾಗ ಬೇಗ ಮುಗಿಸಲೆಂದು ಅಂಗಡಿಯವರು ಎಲ್ಲರಿಗೂ ಒಂದೇ ಬಗೆಯ ಪಾಸ್‌ವರ್ಡ್ ಹಾಕುತ್ತಾರೆ. ಹುಡುಗನಿಗೆ ಇಮೇಲ್ ಇಲ್ಲದಿದ್ದರೆ ಅಂಗಡಿಯ ಇಮೇಲನ್ನೇ ಕೊಡುತ್ತಾರೆ. ಅವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಮಂದಿಯ ಅರ್ಜಿಯೇ ಹೋಗುತ್ತಿರಲಿಲ್ಲ. ಆದರೆ ಕೆಲಸ ಅರ್ಜಿಗೆ ಮುಗಿಯುವುದಿಲ್ಲವಲ್ಲ. ಆಮೇಲೆ ಆಪ್ಷನ್ ಎಂಟ್ರಿ ಇದೆ, ಅಣಕು ಸೀಟು ಹಂಚಿಕೆ ನೋಡಿ ಆಪ್ಷನ್ ತಿದ್ದುವುದಿದೆ, ಸೀಟು ಸಿಕ್ಕಿದ ಮೇಲೆ ಅದನ್ನು ಒಪ್ಪುತ್ತೀರೋ ಮುಂದಿನ ಸುತ್ತಿಗೆ ಕಾಯುತ್ತೀರೋ ಎಂದು ತಿಳಿಸುವುದಿದೆ. ಪ್ರತಿಯೊಂದಕ್ಕೂ ಕೆಲವೇ ದಿನಗಳ ಗಡುವು. ಆ ದಿನ ಅಂಗಡಿ ಮುಚ್ಚಿದ್ದರೆ ಎರಡು ವರ್ಷ ಓದಿದ್ದು ಒಂದು ಬಾಗಿಲ ಹೊರಗೆ ನಿಂತುಬಿಡುತ್ತದೆ.

ಕರಾವಳಿಯ ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅರ್ಜಿಯಲ್ಲಿ ತಂದೆಯ ಮೊಬೈಲ್ ನಂಬರ್ ಕೊಟ್ಟಿರುತ್ತೇವೆ, ತಂದೆ ದಮ್ಮಾಮಿನಲ್ಲೋ ರಿಯಾದಿನಲ್ಲೋ ಇರುತ್ತಾರೆ. ಅವರ ಊರಿನ ನಂಬರಿನಲ್ಲಿ ವಾಟ್ಸ್‌ಆ್ಯಪ್ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಹಾಗಾಗಿ ನಂಬರ್ ಸರಿಯಿದೆ ಎಂದೇ ಎಲ್ಲರ ನಂಬಿಕೆ. ಆದರೆ ವಾಟ್ಸ್‌ಆ್ಯಪಿಗೆ ಇಂಟರ್‌ನೆಟ್ ಸಾಕು, ಒಟಿಪಿ ಬರುವ ಎಸ್‌ಎಂಎಸ್‌ಗೆ ಸಿಮ್ ಜೀವಂತ ಇರಬೇಕು. ರೀಚಾರ್ಜ್ ಇಲ್ಲದೆ ಸತ್ತ ಸಿಮ್ಮಿಗೆ ಒಟಿಪಿ ಹೋಗುವುದಿಲ್ಲ. ಅಷ್ಟೇ ಅಲ್ಲ, ರದ್ದಾದ ನಂಬರನ್ನು 90 ದಿನಗಳ ನಂತರ ಕಂಪನಿಯವರು ಬೇರೊಬ್ಬರಿಗೆ ಕೊಡಬಹುದು. ಆಗ ನಿಮ್ಮ ಒಟಿಪಿ ಗುರುತಿಲ್ಲದ ಯಾರದೋ ಕೈಯಲ್ಲಿ. ಸಿಮ್ ಸರಿಯಿದ್ದರೂ ಇಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ಅಲ್ಲಿ ಏಳೂವರೆ. ರಾತ್ರಿ ಪಾಳಿ ಮುಗಿಸಿ ಮಲಗಿದವರನ್ನು ಎಬ್ಬಿಸಿ ಆರು ಅಂಕಿ ಕೇಳಬೇಕು. ಊರಿನಲ್ಲೇ ಇರುವ, ನಿಮ್ಮ ಕೈಗೆ ಸಿಗುವ ಒಂದು ನಂಬರನ್ನೇ ಅರ್ಜಿಗಳಿಗೆಲ್ಲ ಕೊಡುವುದು ಮೇಲು. ಉಮ್ಮನ ನಂಬರ್ ಆದರೂ ಸರಿ.

ಹಾಗಾದರೆ ಪಾಸ್‌ವರ್ಡ್ ಕದಿಯುವವರ ಭಯ ಸುಳ್ಳೇ? ಸುಳ್ಳಲ್ಲ. ಆದರೆ ಕಳ್ಳತನ ನಾವು ಅಂದುಕೊಂಡ ಕಡೆಯಿಂದ ಆಗುವುದು ಕಡಿಮೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದಿದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಿತ್ತು. ಒಬ್ಬರ ಕಡತ ಇನ್ನೊಬ್ಬರು ನೋಡದಂತೆ ಫರ್ನಾಂಡೊ ಕಾರ್ಬಟೊ ಅವರ ತಂಡ ಈ ಏರ್ಪಾಡು ಮಾಡಿತು. 1962ರಲ್ಲಿ ಅಲ್ಲಿನ ಸಂಶೋಧನಾ ವಿದ್ಯಾರ್ಥಿ ಅಲನ್ ಶೆರ್ ಎಂಬಾತ ತನ್ನ ಪಾಲಿನ ಯಂತ್ರದ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಸಮಯವನ್ನೂ ಬಳಸಿಕೊಂಡ. ಅವನು ಯಾರ ಪಾಸ್‌ವರ್ಡನ್ನೂ ಊಹಿಸಲಿಲ್ಲ ಎಂಬುದನ್ನು ಗಮನಿಸಿ. ಪಟ್ಟಿಯನ್ನೇ ಎತ್ತಿಕೊಂಡ.

2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಹೀಗೆಯೇ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿ ಹೋದವು. ಎಲ್ಲವನ್ನೂ ಇದ್ದದ್ದು ಇದ್ದಂತೆ, ಓದಲು ಬರುವಂತೆ ಬರೆದಿಟ್ಟಿದ್ದರು. ಆ ಪಟ್ಟಿಯಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪಾಸ್‌ವರ್ಡ್ 123456. ಜಾಗ್ರತೆಯುಳ್ಳ ಕಂಪನಿಗಳು ಪಾಸ್‌ವರ್ಡನ್ನು ಹಾಗೆಯೇ ಇಡುವುದಿಲ್ಲ, ಹ್ಯಾಶಿಂಗ್ ಎಂಬ ಗಣಿತದ ಕ್ರಿಯೆಗೆ ಒಳಪಡಿಸಿ ಇಡುತ್ತವೆ. ಇದನ್ನು ಮಸಾಲೆ ರುಬ್ಬುವುದಕ್ಕೆ ಹೋಲಿಸಬಹುದು. ಕೊತ್ತಂಬರಿ, ಮೆಣಸು ಹಾಕಿ ರುಬ್ಬಿದರೆ ಮಸಾಲೆಯಾಗುತ್ತದೆ, ಮಸಾಲೆಯಿಂದ ಇಡೀ ಕೊತ್ತಂಬರಿಯನ್ನು ಮರಳಿ ತೆಗೆಯಲಾಗದು. ನೀವು ಪ್ರತಿ ಸಲ ಲಾಗಿನ್ ಆಗುವಾಗ ಹೊಸದಾಗಿ ರುಬ್ಬಿ, ಮೊದಲು ಇಟ್ಟದ್ದರ ಜೊತೆ ತಾಳೆ ನೋಡುತ್ತಾರೆ. ಪಾಸ್‌ವರ್ಡ್ ಮರೆತಾಗ ಗೂಗಲ್ ನಿಮಗೆ ಹಳೆಯದನ್ನು ಹೇಳದೆ ಹೊಸದನ್ನು ಮಾಡಿಕೊಳ್ಳಿ ಎನ್ನುವುದು ಇದಕ್ಕೇ. ಯಾವುದಾದರೂ ಜಾಲತಾಣ ‘ನಿಮ್ಮ ಪಾಸ್‌ವರ್ಡ್ ಇದು’ ಎಂದು ಹಳೆಯದನ್ನೇ ಮೆಸೇಜ್ ಮಾಡಿದರೆ, ಅಲ್ಲಿ ರುಬ್ಬುವ ಕೆಲಸ ನಡೆದಿಲ್ಲ ಎಂದು ತಿಳಿಯಿರಿ.

ಇಲ್ಲಿಯೇ ಅಪಾಯ ಇರುವುದು. ಯಾವುದೋ ಸಣ್ಣ ಟ್ಯೂಷನ್ ಆ್ಯಪಿಗೂ ಜಿಮೇಲಿಗೂ ನೀವು ಒಂದೇ ಪಾಸ್‌ವರ್ಡ್ ಇಟ್ಟಿದ್ದೀರಿ ಎಂದುಕೊಳ್ಳಿ. ಆ ಆ್ಯಪಿನ ಪಟ್ಟಿ ಸೋರಿದರೆ ಕಳ್ಳರ ಪ್ರೋಗ್ರಾಂ ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ನೂರಾರು ಕಡೆ ಹಾಕಿ ನೋಡುತ್ತದೆ. ಜಿಮೇಲ್ ತೆರೆದರೆ ಉಳಿದದ್ದೆಲ್ಲ ತೆರೆದಂತೆ, ಏಕೆಂದರೆ ಬೇರೆಲ್ಲದರ ‘ಪಾಸ್‌ವರ್ಡ್ ಮರೆತಿರಾ’ ಪತ್ರವೂ ಅಲ್ಲಿಗೇ ಬರುತ್ತದೆ. ಹಾಗಾಗಿ ಇಮೇಲ್ ಪಾಸ್‌ವರ್ಡ್ ಬೇರೆ ಎಲ್ಲಿಯೂ ಬಳಸದ್ದಾಗಿರಬೇಕು. ಇದೊಂದು ವಿಷಯದಲ್ಲಿ ರಿಯಾಯಿತಿ ಇಲ್ಲ.

ಆ ಪಾಸ್‌ವರ್ಡ್ ಹೇಗಿರಬೇಕು? ನಮ್ಮ ಹುಡುಗರ ಸಾಮಾನ್ಯ ಸೂತ್ರ ಗೊತ್ತೇ ಇದೆ: ಹೆಸರು, ಮೊದಲ ಅಕ್ಷರ ದೊಡ್ಡದು, ಕೊನೆಗೆ @123 ಅಥವಾ 786. ಬರ್ಕತ್ತಿಗಾಗಿ 786 ಹಾಕುವವರ ಭಾವನೆ ಒಳ್ಳೆಯದೇ, ಆದರೆ ಅದನ್ನು ಊಹಿಸಲಾಗದ ಕಳ್ಳ ನಮ್ಮ ಸೀಮೆಯಲ್ಲಿ ಸಿಗಲಾರ. ಚಿಹ್ನೆಗಳಿಗಿಂತ ಉದ್ದ ಮುಖ್ಯ. ಕೀಬೋರ್ಡಿನ 95 ಅಕ್ಷರ, ಅಂಕಿ, ಚಿಹ್ನೆಗಳಲ್ಲಿ ಎಂಟನ್ನು ಜೋಡಿಸುವ ವಿಧಾನಗಳಿಗಿಂತ, ಬರೀ 26 ಸಣ್ಣ ಅಕ್ಷರಗಳಲ್ಲಿ ಹನ್ನೆರಡನ್ನು ಜೋಡಿಸುವ ವಿಧಾನಗಳು ಸುಮಾರು 14 ಪಟ್ಟು ಹೆಚ್ಚು. ಗಣಿತದ ವಿದ್ಯಾರ್ಥಿಗಳು 95ರ ಘಾತ 8 ಮತ್ತು 26ರ ಘಾತ 12 ಮಾಡಿ ತಾಳೆ ನೋಡಬಹುದು. ಅಕ್ಷರಗಳನ್ನು ಕಣ್ಣುಮುಚ್ಚಿ ಆರಿಸಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ ಎಂಬುದನ್ನು ಮರೆಯಬೇಡಿ.

ಕಣ್ಣುಮುಚ್ಚಿ ಆರಿಸಿದ ಅಕ್ಷರ ನೆನಪಿರುವುದಿಲ್ಲ, ಪದಗಳಾದರೆ ನೆನಪಿರುತ್ತವೆ. ಕನ್ನಡ ಪುಸ್ತಕವೊಂದನ್ನು ಎಲ್ಲೆಂದರಲ್ಲಿ ತೆರೆದು, ಬೆರಳಿಟ್ಟಲ್ಲಿ ಸಿಕ್ಕಿದ ಒಂದೊಂದು ವಸ್ತುವಿನ ಹೆಸರು ಎತ್ತಿಕೊಳ್ಳಿ. ಏಣಿ, ಬಸಳೆ, ಗುಡುಗು, ಚಪ್ಪಲಿ ಸಿಕ್ಕಿದವು ಎನ್ನೋಣ. ಏಣಿಗೆ ಬಸಳೆ ಹಬ್ಬಿದೆ, ಗುಡುಗಿಗೆ ಚಪ್ಪಲಿ ಬೆಚ್ಚಿ ಬಿದ್ದಿದೆ ಎಂಬ ಚಿತ್ರ ಮನಸ್ಸಿನಲ್ಲಿ ಮಾಡಿಕೊಳ್ಳಿ. ಚಿತ್ರ ಎಷ್ಟು ಹಾಸ್ಯಾಸ್ಪದವೋ ಅಷ್ಟು ಗಟ್ಟಿಯಾಗಿ ಕೂರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವಾಗ ಚಪ್ಪಲಿಗೆ ಒಂದು ‘ಪಿ’ಯೋ ಎರಡೋ ಎಂದು ಮೊದಲೇ ತೀರ್ಮಾನಿಸಿ, ಇಲ್ಲವಾದರೆ ಪದ ನೆನಪಿದ್ದೂ ಬಾಗಿಲು ತೆರೆಯದು. ಇಲ್ಲಿ ಅಚ್ಚಾಗಿರುವ ನಾಲ್ಕು ಪದಗಳನ್ನೇ ಇಡಬೇಡಿ, ದಯವಿಟ್ಟು. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದಂತೆ, ಹೊಸದಾಗಿ ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು ಮರೆತುಹೋಗುತ್ತದೆ. ಹಾಗಾಗಿ ಹೊಸ ಪಾಸ್‌ವರ್ಡ್ ಇಟ್ಟ ದಿನವೇ ಸಂಜೆ ಒಮ್ಮೆ, ಮರುದಿನ ಒಮ್ಮೆ, ಆಮೇಲೆ ಒಂದು ವಾರಕ್ಕೊಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ.

ಹೀಗೆ ನೆನಪಿಡಬೇಕಾದ್ದು ಎಲ್ಲವನ್ನೂ ಅಲ್ಲ. ಇಮೇಲ್, ಮೊಬೈಲ್ ಲಾಕ್, ಹಣದ ಪಿನ್, ಇಷ್ಟು ತಲೆಯಲ್ಲಿರಲಿ. ಮಿಕ್ಕದ್ದನ್ನು ಬರೆದಿಡಿ. ‘ಪಾಸ್‌ವರ್ಡ್ ಬರೆಯಲೇಬಾರದು’ ಎಂಬ ಹಳೆಯ ಉಪದೇಶ ಕೇಳಿದವರಿಗೆ ಇದು ಆಶ್ಚರ್ಯವೆನಿಸೀತು. ಆದರೆ ಭದ್ರತಾ ತಜ್ಞ ಬ್ರೂಸ್ ಶ್ನೈಯರ್ 2005ರಲ್ಲೇ, ನೆನಪಿಡಲಾಗದಷ್ಟು ಕಠಿಣವಾದದ್ದನ್ನು ಇಟ್ಟುಕೊಂಡು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡಿ ಎಂದು ಸಲಹೆ ಕೊಟ್ಟಿದ್ದರು. ದೂರದೇಶದ ಕಳ್ಳನಿಗೆ ನಿಮ್ಮ ಮನೆಯ ಕಪಾಟು ತೆರೆಯಲು ಬರುವುದಿಲ್ಲ. ಅಂಕಪಟ್ಟಿ, ಆಧಾರ್ ಇಟ್ಟಿರುವ ಫೈಲಿನಲ್ಲೇ ಒಂದು ಸಣ್ಣ ಪುಸ್ತಕವಿರಲಿ: ಯಾವ ಅರ್ಜಿ, ಯಾವ ನಂಬರ್, ಯಾವ ಇಮೇಲ್, ಯಾವ ಪಾಸ್‌ವರ್ಡ್. ಬಿಟ್‌ವಾರ್ಡನ್‌ನಂತಹ ಉಚಿತ ಪಾಸ್‌ವರ್ಡ್ ಮ್ಯಾನೇಜರ್ ಅಥವಾ ಫೋನಿನಲ್ಲಿಯೇ ಇರುವ ಗೂಗಲ್‌ನ ವ್ಯವಸ್ಥೆ ಇನ್ನೂ ಸುಲಭ, ಅದೇ ಉದ್ದನೆಯ ಪಾಸ್‌ವರ್ಡ್ ಸೃಷ್ಟಿಸಿಯೂ ಕೊಡುತ್ತದೆ. ಆದರೆ ಒಂದೇ ಫೋನನ್ನು ಅಣ್ಣ, ತಂಗಿ, ಚಿಕ್ಕಪ್ಪನ ಮಗ ಎಲ್ಲ ಬಳಸುವ ಮನೆಯಲ್ಲಿ ಪುಸ್ತಕವೇ ವಾಸಿ.

ಅಧ್ಯಾಪಕ ಬಂಧುಗಳಿಗೂ ಒಂದು ಮಾತು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮ ಬಹಳ ಕಚೇರಿಗಳಲ್ಲಿ ಇನ್ನೂ ಇದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಗಾಗಿ 2003ರಲ್ಲಿ ಇಂತಹ ಸಲಹೆ ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕಾಗಿ ವಿಷಾದಿಸಿದರು, ಅದೇ ವರ್ಷ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟಿತು. ಜನ ಮಾಡುತ್ತಿದ್ದುದು ಕೊನೆಯ 1ನ್ನು 2 ಮಾಡುವುದು, ಅಷ್ಟೇ. ಬದಲಿಸಬೇಕಾದ್ದು ಸೋರಿದ ಅನುಮಾನವಿದ್ದಾಗ, ಅಥವಾ ಅದನ್ನು ತಿಳಿದಿದ್ದ ಸಿಬ್ಬಂದಿ ಕೆಲಸ ಬಿಟ್ಟು ಹೋದಾಗ. ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿಸಿದ ಚೀಟಿಯ ಬಗ್ಗೆ ನಾನೇನೂ ಹೇಳುವುದಿಲ್ಲ, ಅಂಟಿಸಿದವರಿಗೆ ಗೊತ್ತಿದೆ.

ಯುಪಿಐ ಪಿನ್ ಹಣ ಕಳುಹಿಸಲು ಬೇಕು, ಪಡೆಯಲು ಬೇಡ. ವಿದ್ಯಾರ್ಥಿವೇತನ ಜಮಾ ಮಾಡುತ್ತೇವೆ, ಪಿನ್ ಒತ್ತಿ ಎಂದು ಯಾರಾದರೂ ಕರೆ ಮಾಡಿದರೆ ಫೋನ್ ಇಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿದವರು ಈ ವಾರವೇ ಹೋಗಿ ತಮ್ಮ ಲಾಗಿನ್ ವಿವರ ಬರೆದುಕೊಂಡು ಬನ್ನಿ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಇಮೇಲ್ ನಿಮ್ಮದೇ ಇದೆಯೇ ನೋಡಿ. ಹೇಗೆಂದು ತಿಳಿಯದವರು ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿಗೆ ಬರಬಹುದು. ಜಿಮೇಲಿನಲ್ಲಿ ಎರಡು ಹಂತದ ಪರಿಶೀಲನೆ ಇಟ್ಟುಕೊಂಡರೆ ಹತ್ತು ಬ್ಯಾಕಪ್ ಕೋಡ್‌ಗಳನ್ನೂ ಪಡೆಯಬಹುದು, ಒಂದೊಂದರಲ್ಲಿ ಎಂಟು ಅಂಕಿ, ಒಂದೊಂದೂ ಒಂದೇ ಸಲಕ್ಕೆ. ಫೋನ್ ಕಳೆದ ದಿನ ಒಳಗೆ ಹೋಗಲು ದಾರಿ ಅದೇ. ಅವನ್ನು ಪ್ರಿಂಟ್ ತೆಗೆದು ಕಪಾಟಿನ ಆ ಫೈಲಿನಲ್ಲೇ ಇಡಿ, ಬಳಸಿದ್ದಕ್ಕೆ ಗೆರೆ ಎಳೆಯುತ್ತಾ ಹೋಗಿ.