ಹೈನುಗಾರಿಕೆ ಮತ್ತು ಮಾನವ ವಂಶವಾಹಿ

ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವವು ಸಸ್ತನಿಗಳಲ್ಲಿ ಶೈಶವಾನಂತರ ಕ್ಷೀಣಿಸುವುದು ಸಾಮಾನ್ಯ ನಿಯಮ. ಕೆಲವು ಮಾನವ ಸಮುದಾಯಗಳಲ್ಲಿ ಮಾತ್ರ ಅದು ಜೀವನಪರ್ಯಂತ ಉಳಿಯುತ್ತದೆ. ಇದಕ್ಕೆ ಸಂಬಂಧಿಸಿದ ವಂಶವಾಹಿ ರೂಪಾಂತರವೊಂದನ್ನು 2002ರಲ್ಲಿ ಫಿನ್ಲೆಂಡಿನ ಕುಟುಂಬಗಳಲ್ಲಿ ಗುರುತಿಸಲಾಯಿತು. ಪೂರ್ವ ಆಫ್ರಿಕದ ಪಶುಪಾಲಕರಲ್ಲಿ ಹಬ್ಬಿರುವುದು ಬೇರೆಯೇ ರೂಪಾಂತರ. ದನ ಸಾಕುವ ರೂಢಿಯೇ ಎರಡೂ ಕಡೆ ವಂಶವಾಹಿಯನ್ನು ಆಯ್ದುಕೊಂಡಿತೆನ್ನಬೇಕು. ಈ ಆಯ್ಕೆ ತ್ವರಿತವಾಗಿ ನಡೆದುದಲ್ಲ. ಯುರೋಪಿನಲ್ಲಿ ಹಾಲಿನ ಬಳಕೆ ಆರಂಭವಾಗಿ ಸಾವಿರಾರು ವರ್ಷಗಳ ಅನಂತರವಷ್ಟೇ ರೂಪಾಂತರವು ವ್ಯಾಪಕವಾಯಿತೆಂದು 2022ರ ಅಧ್ಯಯನವೊಂದು ತೋರಿಸಿತು. ಕ್ಷಾಮ, ರೋಗಗಳ ಕಾಲದಲ್ಲಿ ಅಜೀರ್ಣವೇ ಮಾರಕವಾಗಿರಬಹುದೆಂಬುದು ಅದರ ಊಹೆ.

ಭಾರತದಲ್ಲಿ ಯುರೋಪಿನ ಈ ರೂಪಾಂತರವೇ ವಾಯವ್ಯದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಆದರೆ ದಕ್ಷಿಣಕ್ಕೆ ದನಗಾಹಿತನ ಹೊಸದಲ್ಲ: ಕುಡತಿನಿ, ಬೂದಿಹಾಳಗಳ ನವಶಿಲಾಯುಗದ ಬೂದಿದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೇ. ಹೆಪ್ಪುಹಾಕಿದ ಹಾಲಿನಲ್ಲಿ ಲ್ಯಾಕ್ಟೋಸ್ ಕಡಿಮೆಯಾಗುವುದರಿಂದ, ಮೊಸರು ಮಜ್ಜಿಗೆಗಳ ಪದ್ಧತಿಯು ಇಲ್ಲಿ ಆಯ್ಕೆಯ ಒತ್ತಡವನ್ನು ತಗ್ಗಿಸಿತೇ ಎಂಬುದು ವಿಚಾರಾರ್ಹ.